ನೆರಳಿನ ಹಿತ್ತಲಿಗೆ ಹೋಸ್ಟಾ ಬದಲು ಕ್ಯಾಲೇಡಿಯಂ

ತಂಪು ದೇಶಗಳ ತೋಟದ ಚಿತ್ರಗಳಲ್ಲಿ ಮರದ ಬುಡವನ್ನೆಲ್ಲ ತುಂಬಿಕೊಂಡ ಅಗಲೆಲೆಯ ಹೋಸ್ಟಾ ಕಂಡು, ಅದನ್ನೇ ಬೆಳಗಾವಿಯ ಹಿತ್ತಲಿನಲ್ಲಿ ಬೆಳೆಸಬಯಸುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಜಪಾನ್, ಕೊರಿಯಾ, ಚೀನಾ ಮೂಲದ ಈ ಗಿಡವು ಚಳಿಗಾಲದಲ್ಲಿ ಎಲೆ ಕಳೆದುಕೊಂಡು, ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಕೆಲವು ವಾರ ವಿಶ್ರಮಿಸಿದರೆ ಮಾತ್ರ ಮರುವರ್ಷ ಹುರುಪಿನಿಂದ ಚಿಗುರುತ್ತದೆ. ಬೆಳಗಾವಿಯ ಚಳಿ ನಮಗೆ ಸ್ವೆಟರ್ ಹಾಕಿಸುವಷ್ಟಿದ್ದರೂ ಹೋಸ್ಟಾಕ್ಕೆ ಸಾಲದು; ವಿಜಯಪುರ, ಬಾಗಲಕೋಟೆಗಳಲ್ಲಂತೂ ಬೇಸಿಗೆಯನ್ನು ದಾಟುವುದೇ ಅದಕ್ಕೆ ಕಷ್ಟ. ತಂದು ನೆಟ್ಟ ಮೊದಲ ವರ್ಷ ಚೆಂದ ಕಂಡರೂ, ಮುಂದೆ ಪ್ರತಿ ಚಿಗುರೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಹೋಗುತ್ತದೆ.

ಅಂಥದೇ ನೋಟಕ್ಕೆ ನಾನು ಸೂಚಿಸುವುದು ದಕ್ಷಿಣ ಅಮೆರಿಕ ಮೂಲದ, ನಮ್ಮ ಕೆಸುವಿನ ಬಳಗಕ್ಕೇ ಸೇರಿದ ಕ್ಯಾಲೇಡಿಯಂ. ಇದಕ್ಕೆ ಚಳಿ ಬೇಡ, ಸೆಕೆ ಬೇಕು.

ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನ ನೆರಳಾಗುವ ಜಾಗ ಉತ್ತಮ. ಮಾವಿನ ಮರದ ಕೆಳಗೆ ಬೇರುಗಳು ನೀರು, ಗೊಬ್ಬರವನ್ನೆಲ್ಲ ಎಳೆದುಕೊಳ್ಳುವುದರಿಂದ ಅಲ್ಲಿ ಕುಂಡದಲ್ಲೇ ಬೆಳೆಸಿರಿ.

ಕೆಲಸವೆಲ್ಲ ಇರುವುದು ಮಣ್ಣಿನಲ್ಲಿ. ಮಸಾರಿ ಮಣ್ಣಿದ್ದರೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿದರೆ ಸಾಕಾಗುತ್ತದೆ. ಆದರೆ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುವುದರಿಂದ, ಅದನ್ನು ಅರ್ಧಕ್ಕಿಳಿಸಿ ಉಳಿದರ್ಧಕ್ಕೆ ದಪ್ಪ ಉಸುಕು, ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಸೇರಿಸಿ, ಮಡಿಯನ್ನು ಒಂದು ಗೇಣು ಏರಿಸಿಕೊಳ್ಳಬೇಕು. ನಾನು ಮೊದಲ ಸಲ ಈ ತೊಂದರೆ ತೆಗೆದುಕೊಳ್ಳದೆ ಎರೆಮಣ್ಣಿನಲ್ಲೇ ಊರಿದ ಗಡ್ಡೆಗಳು ಜುಲೈ ಮಳೆಗೆ ಕೊಳೆತು ಲೋಳೆಯಾಗಿದ್ದವು.

ಮೇ ಕೊನೆಯಲ್ಲಿ, ಮುಂಗಾರಿಗೆ ಮುನ್ನ, ಕಣ್ಣುಗಳಿರುವ ಬದಿ ಮೇಲಾಗಿರುವಂತೆ 4ರಿಂದ 5 ಸೆಂ.ಮೀ. ಆಳದಲ್ಲಿ, ಒಂದೊಂದಕ್ಕೂ 30 ಸೆಂ.ಮೀ. ಅಂತರ ಬಿಟ್ಟು ಗಡ್ಡೆಗಳನ್ನು ಊರಿರಿ. ಚಿಗುರು ಕಾಣುವವರೆಗೆ ಮಣ್ಣಿನ ಹಸಿ ಆರದಷ್ಟು ಮಾತ್ರ ನೀರು ಸಾಕು. ಎಲೆ ಬಿಚ್ಚಿದ ನಂತರ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಕೊಡಬಹುದು. ಸಾರಜನಕದ ರಾಸಾಯನಿಕ ಗೊಬ್ಬರ ಹೆಚ್ಚಾದರೆ ಎಲೆಯ ಬಣ್ಣ ಹೋಗಿ ಹಸಿರೇ ಮೇಲುಗೈಯಾಗುತ್ತದೆ. ಮಳೆಗಾಲದ ರಾತ್ರಿಗಳಲ್ಲಿ ಬಸವನಹುಳುಗಳನ್ನು ಬ್ಯಾಟರಿ ಹಿಡಿದು ಆರಿಸಿ ತೆಗೆಯುವುದೇ ನನಗೆ ಹಿಡಿಸಿದ ಉಪಾಯ. ಗಿಡದ ರಸವು ಬಾಯಿಗೆ ಉರಿ, ತುರಿಕೆ ತರುವುದರಿಂದ ಚಿಕ್ಕ ಮಕ್ಕಳ, ನಾಯಿ-ಬೆಕ್ಕುಗಳ ಕೈಗೆ ಬಾಯಿಗೆ ಎಟುಕದಂತೆ ಇಡುವುದು ಅಗತ್ಯ.

ನವೆಂಬರ್ ಹೊತ್ತಿಗೆ ಎಲೆಗಳು ಜೋತು ಹಳದಿಯಾದರೆ ಗಿಡ ಸತ್ತಿತೆಂದು ಕಿತ್ತೆಸೆಯಬೇಡಿ. ಅದು ಮಲಗುವ ಕಾಲ. ನೀರು ನಿಲ್ಲಿಸಿ, ಎಲೆ ಪೂರ್ತಿ ಒಣಗಿದ ಮೇಲೆ ಗಡ್ಡೆಗಳನ್ನು ಅಗೆದು, ನೆರಳಿನಲ್ಲಿ ಒಂದು ವಾರ ಆರಿಸಿ, ಒಣ ಉಸುಕು ತುಂಬಿದ ಡಬ್ಬಿಯಲ್ಲಿ ಮುಚ್ಚಳ ಹಾಕದೆ ಮನೆಯೊಳಗಿಡಿರಿ. ತಿಂಗಳಿಗೊಮ್ಮೆ ಒತ್ತಿ ನೋಡಿ, ಮೆತ್ತಗಾದವನ್ನು ತೆಗೆದುಹಾಕಿದರೆ ಉಳಿದವು ಮುಂದಿನ ಮೇವರೆಗೂ ಗಟ್ಟಿಯಾಗಿರುತ್ತವೆ.