262ನೇ ಪಿಕ್ ನಂಬಿ ಲೀಗ್ ಗೆದ್ದಿದ್ದು

ನಮ್ಮದು ಫ್ಯಾಂಟಸಿ ಫುಟ್‌ಬಾಲ್ ಲೀಗ್: ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟೋದು, ನಿಜವಾದ ಪಂದ್ಯದಲ್ಲಿ ಅವರು ಆಡಿದ್ದಕ್ಕೆ ನಮಗೆ ಅಂಕ. ಅದರಲ್ಲೂ ಡೈನಾಸ್ಟಿ, ಅಂದರೆ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳೋದು. ಹನ್ನೆರಡು ಜನ, ಹೆಚ್ಚಿನವರು ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರೇ. ವರ್ಷಕ್ಕೆ ತಲಾ 150 ಡಾಲರ್. ಸೂಪರ್‌ಫ್ಲೆಕ್ಸ್ (ಇಬ್ಬರು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರನ್ನು, ಇಳಿಸಬಹುದಾದ ಲೀಗ್) ಆಗಿರೋದರಿಂದ ಇಬ್ಬರು ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ಕಥೆ ಮುಗೀತು.

2021ರಲ್ಲಿ ನಾನು ಟ್ರೇ ಲ್ಯಾನ್ಸ್ ಅನ್ನೋ ಹೊಸ ಕ್ವಾರ್ಟರ್‌ಬ್ಯಾಕ್ ಹಿಂದೆ ಬಿದ್ದೆ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸೋದು ಡ್ರಾಫ್ಟ್, ಅದರಲ್ಲಿನ ಒಂದೊಂದು ಸರದಿ ಒಂದು ಪಿಕ್. ಮೂರನೇ ಪಿಕ್‌ಗೆ ಏರೋಕೆ ಸ್ಯಾನ್ ಫ್ರಾನ್ಸಿಸ್ಕೋದ ಫಾರ್ಟಿ ನೈನರ್ಸ್ ತಂಡವೇ ಮುಂದಿನ ಎರಡು ವರ್ಷದ ಮೊದಲ ರೌಂಡ್ ಪಿಕ್‌ಗಳನ್ನೂ ಕೊಟ್ಟಿತ್ತು. ಅವರೇ ಅಷ್ಟು ಕೊಟ್ಟ ಮೇಲೆ ಇನ್ನೇನು ನೋಡೋದು ಅಂತ ನಾನೂ ನಮ್ಮ ಲೀಗಿನ ಎರಡು ಫಸ್ಟ್ (ಮೊದಲ ರೌಂಡ್ ಪಿಕ್) ಕೊಟ್ಟೆ. 2022ರ ಎರಡನೇ ಪಂದ್ಯದಲ್ಲೇ ಅವನ ಕಣಕಾಲು ಮುರಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ವಾರದಿಂದ ಶೀಟ್ ಮಾಡೋಕೆ ಕೂತೆ. 2000ದಿಂದ ಈಚೆಗೆ ಡ್ರಾಫ್ಟ್ ಆದ ಕ್ವಾರ್ಟರ್‌ಬ್ಯಾಕ್‌ಗಳು, ಪಿಕ್ ಎಷ್ಟು, ಕಾಲೇಜಿನಲ್ಲಿ ಎಷ್ಟು ಸ್ಟಾರ್ಟ್ (ಆರಂಭದಿಂದಲೇ ಇಳಿದ ಪಂದ್ಯಗಳು), ತಂಡದಲ್ಲಿ ಅವನ ಮುಂದೆ ಯಾರಿದ್ದರು. ನಾಲ್ಕು ವೀಕೆಂಡ್ ಹೋಯಿತು. ಗೆಲ್ಲೋರಲ್ಲಿ ಹೆಚ್ಚಿನವರು ಬರೋದು ಮೊದಲ ರೌಂಡಿನಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರೌಂಡಿನ ಒಳಗಿನ ಕ್ರಮವನ್ನು ನಾನು ನಂಬೋದು ಬಿಟ್ಟೆ. 2017ರಲ್ಲಿ ಟ್ರುಬಿಸ್ಕಿ 2ನೇ ಪಿಕ್, ಮಹೋಮ್ಸ್ 10ನೇ. ಮರುವರ್ಷ ರೋಸನ್ 10ನೇ, ಲಮಾರ್ ಜಾಕ್ಸನ್ 32ನೇ. ಮಿಂಚಿದ್ದು ಮಾತ್ರ ಹಿಂದೆ ಬಂದ ಮಹೋಮ್ಸ್, ಜಾಕ್ಸನ್.

ಸ್ಟಾರ್ಟ್ ಕಾಲಂ ನೋಡಿದಾಗ ಕಣ್ಣು ತೆರೆಯಿತು. ಟ್ರುಬಿಸ್ಕಿ 13, ಲ್ಯಾನ್ಸ್ 17. ಮಹೋಮ್ಸ್ ಮೂವತ್ತರ ಹತ್ತಿರ, ಮೇಲೆ ಒಂದು ವರ್ಷ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಕಲಿತವನು. 53ನೇ ಪಿಕ್ ಹರ್ಟ್ಸ್ ಅಲಬಾಮಾ, ಒಕ್ಲಹೋಮಾ ಎರಡೂ ಸೇರಿ ನಲವತ್ತರ ಸುಮಾರು. 135ನೇ ಪಿಕ್ ಪ್ರೆಸ್ಕಾಟ್ ಕೂಡ ವರ್ಷಗಟ್ಟಲೆ ಆಡಿ ಬಂದವನೇ. ಕಡಿಮೆ ಸ್ಟಾರ್ಟ್ ಇದ್ದೂ ಗೆದ್ದ ಕ್ಯಾಮ್ ನ್ಯೂಟನ್ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ, ಅವನನ್ನೇ ಹಿಡಿದು ಗೆಳೆಯರು ನನ್ನ ಜೊತೆ ಗಂಟೆಗಟ್ಟಲೆ ವಾದ ಮಾಡಿದರು.

ನಡುವೆ ಕೈಯಳತೆಯ ಕಾಲಂ ಸಹ ಹಾಕಿ ನೋಡಿದೆ. ಜೋ ಬರೋನ ಕೈ 9 ಇಂಚು, ರಸಲ್ ವಿಲ್ಸನ್ ಕೈ ಹತ್ತಕ್ಕಿಂತ ಜಾಸ್ತಿ. ಇಬ್ಬರೂ ಗೆದ್ದವರೇ ಅಲ್ವಾ? ಎರಡು ಸಂಜೆ ಸುಮ್ನೆ ಹೋಯಿತು, ಕಾಲಂ ಅಳಿಸಿದೆ. ಇನ್ನೊಂದು ಕಾಲಂ ಇದೆ, ಅದನ್ನು ಇಲ್ಲಿ ಹೇಳಲ್ಲ. ಎಷ್ಟು ಸ್ಟಾರ್ಟ್‌ಗೆ ಗೆರೆ ಎಳೆಯುತ್ತೇನೆ ಅನ್ನೋದನ್ನೂ ಹೇಳಲ್ಲ.

ಅದೇ ವರ್ಷ ಡಿಸೆಂಬರ್ 4. ನೈನರ್ಸ್ ಕ್ವಾರ್ಟರ್‌ಬ್ಯಾಕ್ ಗರೊಪೊಲೊ ಕಾಲಿಗೆ ಪೆಟ್ಟಾಗಿ ಒಳಗೆ ಹೋದ, ಬ್ರಾಕ್ ಪರ್ಡಿ ಮೈದಾನಕ್ಕೆ ಬಂದ. ಡ್ರಾಫ್ಟಿನ ಕಟ್ಟಕಡೆಯ ಹುಡುಗ, 262ನೇ ಪಿಕ್. ನನ್ನ ಶೀಟಿನಲ್ಲಿ ಮಾತ್ರ ಮೇಲೆ ಇದ್ದ, ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದವನು. ವೇವರ್ ಬಜೆಟ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದ ಆಟಗಾರರಿಗೆ ಬಿಡ್ ಹಾಕೋ ಹಣ) ಉಳಿದಿದ್ದು 34 ಡಾಲರೋ ಏನೋ, ಅದರಲ್ಲಿ 31 ಹಾಕಿದೆ. "ತಲೆ ಕೆಟ್ಟಿದೆಯೇನೋ? ಎರಡು ವಾರ ಆಡಿದರೆ ಹೆಚ್ಚು ಅವನು" ಅಂತ ಒಬ್ಬ ಗೆಳೆಯ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಎರಡನೇ ಬಿಡ್ ಇದ್ದಿದ್ದು 2 ಡಾಲರ್.

ನಮ್ಮ ಸೆಮಿಫೈನಲ್ ವಾರಕ್ಕೆ ಸರಿಯಾಗಿ ನನ್ನ ತಂಡದಲ್ಲಿದ್ದ ಹರ್ಟ್ಸ್ ಭುಜದ ನೋವಿನಿಂದ ಹೊರಗೆ. ಫೈನಲ್‌ಗೂ ಇಲ್ಲ. ಎರಡೂ ವಾರ ಪರ್ಡಿಯನ್ನೇ ಇಳಿಸಿದೆ, ಎರಡೂ ವಾರ ಎರಡೆರಡು ಟಚ್‌ಡೌನ್ ಎಸೆದ. ಜನವರಿ 1ರ ರೇಡರ್ಸ್ ಪಂದ್ಯ ಓವರ್‌ಟೈಮ್‌ಗೆ ಹೋಗಿ 37-34ಕ್ಕೆ ಮುಗಿದಾಗ ನಾನು ಸೋಫಾದಿಂದ ಎದ್ದು ನಿಂತಿದ್ದೆ. ಕೈಗೆ ಬಂದಿದ್ದು ಸಾವಿರ ಡಾಲರ್ ಚಿಲ್ಲರೆ.

2024ರಲ್ಲಿ ಅದೇ ಶೀಟ್ ನೋಡಿ ಬೋ ನಿಕ್ಸ್‌ನನ್ನು ತೆಗೆದುಕೊಂಡೆ. ನಿಜವಾದ ಡ್ರಾಫ್ಟಿನಲ್ಲಿ 12ನೇ ಪಿಕ್, ಕಾಲೇಜಿನಲ್ಲಿ 61 ಸ್ಟಾರ್ಟ್. ವಯಸ್ಸು ಜಾಸ್ತಿ ಅಂತ ಎಲ್ಲರೂ ಬಿಟ್ಟಿದ್ದರು. ಮೊದಲ ವರ್ಷವೇ ತನ್ನ ತಂಡ ಡೆನ್ವರ್ ಅನ್ನು ಪ್ಲೇಆಫ್‌ಗೆ ಕರೆದುಕೊಂಡು ಹೋದ. ಅವತ್ತು ರಾತ್ರಿ ಫೋನ್ ಮಾಡಿದ್ದ ಗೆಳೆಯ ಆಮೇಲೆ ನಿಕ್ಸ್‌ಗೆ ಟ್ರೇಡ್ ಕೇಳಿದ. ಲ್ಯಾನ್ಸ್‌ಗೆ ನಾನು ಕೊಟ್ಟಷ್ಟೇ ಕೊಡು ಅಂದೆ, ಎರಡು ಫಸ್ಟ್. ಇನ್ನೂ ಯೋಚನೆ ಮಾಡುತ್ತಿದ್ದಾನೆ.