ಲಕ್ವಕ್ಕೆ ಜೀನ್ ಥೆರಪಿ ಬಂತಂತೆ ಅಂದಾಗ ನಾನು ಏನು ನೋಡುತ್ತೇನೆ

ಅಪ್ಪನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಬಲಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ‘ಜೀನ್ ಥೆರಪಿಯಿಂದ ಲಕ್ವ ವಾಸಿ’ ಅಂತ ಚಿಕ್ಕಪ್ಪ ಆಗಾಗ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಅಮ್ಮ ಆಸೆಯಿಂದ ನನಗೆ ಫೋನ್ ಮಾಡುತ್ತಾಳೆ. ಜೀನ್ ಥೆರಪಿ ಅಂದರೆ ಕೋಶದೊಳಗೆ ಜೀನ್ ಸೇರಿಸಿ, ಬೇಕಾದ ಪ್ರೋಟೀನ್ ಅಲ್ಲೇ ತಯಾರಾಗುವಂತೆ ಮಾಡುವುದು. ಸುಮ್ನೆ ಸುಳ್ಳು ಅಂದುಬಿಡಲು ಆಗುವುದಿಲ್ಲ. ಎಷ್ಟೋ ಸಲ ಕೆಲಸ ನಿಜವಾಗಿಯೇ ನಡೆದಿರುತ್ತದೆ, ಇಲಿಯಲ್ಲಿ.

ಹಾಗಾಗಿ ಮೊದಲು ಆ ಸುದ್ದಿಯಲ್ಲಿ ಇಲಿ ಎಲ್ಲಿದೆ ಅಂತ ಹುಡುಕಿ. ಸಿಕ್ಕಿದರೆ, ಜೀನ್ ಕೊಟ್ಟಿದ್ದು ಯಾವಾಗ, ಲಕ್ವಕ್ಕೆ ಮೊದಲೋ ಆಮೇಲೋ ಅಂತ ನೋಡಿ. ಇದು ನನಗೆ ಹೊಳೆಯಲು ತುಂಬಾ ದಿನ ಹಿಡಿಯಿತು. ಜೀನನ್ನು ಮಿದುಳಿಗೆ ಹೊತ್ತೊಯ್ಯುವುದು ಹೆಚ್ಚಾಗಿ ಎಎವಿ ಎಂಬ ವೈರಸ್, ರೋಗ ತರುವಂಥದ್ದಲ್ಲ. ಅದು ಕೋಶದೊಳಗೆ ಹೋಗಿ ಸಾಕಷ್ಟು ಪ್ರೋಟೀನ್ ತಯಾರಾಗಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದರೆ ಲಕ್ವದಲ್ಲಿ ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ನೇ ಸಾಮಾನ್ಯವಾಗಿ 4.5 ಗಂಟೆಯೊಳಗೆ ಬೀಳಬೇಕು. ಅದಕ್ಕೇ ಕೆಲವು ಪ್ರಯೋಗಗಳಲ್ಲಿ ವೈರಸ್ಸನ್ನು ಮೊದಲೇ ಚುಚ್ಚಿ, ಆಮೇಲೆ ಇಲಿಯ ರಕ್ತನಾಳಕ್ಕೆ ದಾರ ತೂರಿಸಿ ಲಕ್ವ ಬರಿಸುತ್ತಾರೆ. ಅಪ್ಪ ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿತ್ತು. ‘ಹಿಂದಿನ ವಾರವೇ ಇಂಜೆಕ್ಷನ್ ಕೊಡಿಸಬೇಕಿತ್ತು, ಅಲ್ವಾ?’ ಅಂದೆ ಚಿಕ್ಕಪ್ಪನಿಗೆ.

ಲಕ್ವ ಆದ ಮೇಲೆ ಕೊಟ್ಟಿದ್ದರೆ ಮುಂದೆ ಓದಿ. ಆಸೆ ಇರುವುದು ಅಲ್ಲೇ: ಉಳಿದ ನರಕೋಶಗಳಿಗೆ ಬಲ ಕೊಡುವ ಬಿಡಿಎನ್‌ಎಫ್, ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್‌ಗಳ ಜೀನ್. ಎಸ್‌ಬಿ623 ಎಂಬುದು ಮನುಷ್ಯರವರೆಗೂ ಬಂತು. ಅದು ಜೀನ್ ಸೇರಿಸಿದ ಮೂಳೆಮಜ್ಜೆಯ ಕೋಶ, ನೇರ ಮಿದುಳಿಗೇ ಹಾಕುವುದು. ಹಳೆಯ ಲಕ್ವದವರ ಮೇಲೆ ನಡೆದ ಎರಡನೇ ಹಂತದ ಪ್ರಯೋಗ ಗುರಿ ಮುಟ್ಟಲಿಲ್ಲ ಅಂತ 2019ರಲ್ಲಿ ಗೊತ್ತಾಯಿತು.

ಯಾರಾದರೂ ‘ಇಲ್ಲೇ ಕೊಡುತ್ತೇವೆ’ ಅಂದರೆ ಸಿಟಿಆರ್‌ಐ, ಅಂದರೆ ರೋಗಿಗಳ ಮೇಲೆ ನಡೆಯುವ ಪ್ರಯೋಗಗಳ ಸರ್ಕಾರಿ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದಲ್ಲಿ ಇಂಥ ಪ್ರಯೋಗ ಆ ಪಟ್ಟಿಯಲ್ಲಿ ಇರಲೇಬೇಕು, ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ಲಕ್ವ ಆಗಿ ಎಷ್ಟು ದಿನದೊಳಗಿನವರನ್ನು ಸೇರಿಸಿಕೊಳ್ಳುತ್ತಾರೆ ಅನ್ನುವ ಸಾಲನ್ನು ಮೊದಲು ಓದಿ. ಪ್ರಯೋಗದ ಖರ್ಚನ್ನು ರೋಗಿಯ ಮೇಲೆ ಹಾಕಬಾರದು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ. ನಮಗೆ ಒಂದು ಕಡೆ ಲಕ್ಷಗಟ್ಟಲೆ ಹೇಳಿದರು. ಸಂಖ್ಯೆ ಕೇಳಿದ್ದಕ್ಕೆ ‘ಸಾರ್ ಬಂದ ಮೇಲೆ ಹೇಳ್ತೀವಿ’ ಅಂದರು. ಆಮೇಲೆ ಫೋನೇ ಬರಲಿಲ್ಲ.

ಅಪ್ಪ ಈಗ ದಿನಾ ಸಂಜೆ ತಟ್ಟೆಯಲ್ಲಿರುವ ಕಡಲೆಕಾಳನ್ನು ಬಲಗೈಯಲ್ಲಿ ಆರಿಸುತ್ತಾರೆ. ಫಿಸಿಯೋದವರು ಹೇಳಿಕೊಟ್ಟದ್ದು. ನಿನ್ನೆ ಹನ್ನೊಂದು ಕಾಳು ಎತ್ತಿದರು.