ಜಿಪ್ಸಿಯ ನಡುಕ ಬಿಡಿಸಿದ ಮೀನಿನ ತಕ್ಕಡಿ

ಅರವತ್ತು ದಾಟಿದರೆ ಸಾಕು, ಸ್ಟೀರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮಾರುತಿ ಜಿಪ್ಸಿ ಜೀಪು ಇಟ್ಟವರಿಗೆ ಈ ನಡುಕ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಗೆ ಹಾಕಿದ ಒಂದು ತೇಪೆಯ ಮೇಲೆ ಎಡಗಡೆ ಚಕ್ರ ಹತ್ತಿ ಇಳಿದರೆ ಮುಗೀತು, ಇಡೀ ಮುಂಭಾಗ ಚಳಿಜ್ವರ ಬಂದವರ ಹಾಗೆ ಕುಣಿಯುತ್ತದೆ. ಬ್ರೇಕ್ ಒತ್ತಿ ಮೂವತ್ತಕ್ಕೆ ಇಳಿಸಿದ ಮೇಲೇ ಸುಮ್ಮನಾಗುವುದು. ನಮ್ಮನೆಯವಳಂತೂ ಅದರಲ್ಲಿ ಚಿಕ್ಕಮಗಳೂರಿಗೆ ಬರುವುದನ್ನೇ ಬಿಟ್ಟಿದ್ದಳು. "ನೀವು ಜಿಪ್ಸಿಯಲ್ಲಿ ಹೋಗಿ, ನಾನು ಬಸ್ಸಲ್ಲಿ ಬರ್ತೀನಿ, ಯಾರು ಮೊದಲು ತಲುಪ್ತಾರೆ ನೋಡೋಣ" ಅನ್ನುತ್ತಿದ್ದಳು. ಎರಡು ಸಲ ಅವಳೇ ಮೊದಲು ತಲುಪಿದ್ದೂ ಉಂಟು.

ನನ್ನದು 1998ರ ಜಿಪ್ಸಿ ಕಿಂಗ್. 1300 ಸಿಸಿ, ಕಾರ್ಬುರೇಟರ್ ಗಾಡಿ, ನಾಲ್ಕೂ ಚಕ್ರ ಎಳೆಯಬೇಕಾದರೆ ಇಳಿದು ಕೈಯಲ್ಲಿ ತಿರುಗಿಸುವ ಮುಂದಿನ ಹಬ್. 2011ರಲ್ಲಿ ಒಂದು ಲಕ್ಷದ ನಲವತ್ತು ಸಾವಿರ ಕೊಟ್ಟು ತಂದಿದ್ದೆ. ಮೂಡಿಗೆರೆ ಕಡೆ ನಮ್ಮದು ಸಣ್ಣ ತೋಟ. ಗೊಬ್ಬರ, ಕಾಫಿ ಮೂಟೆ, ಮೆಣಸು ಕೊಯ್ಯುವ ಏಣಿ, ಮಳೆಗಾಲದಲ್ಲಿ ಹುಷಾರಿಲ್ಲದವರು, ಎಲ್ಲಾ ಇದರಲ್ಲೇ. 2023ರಲ್ಲಿ ಆರ್‌ಸಿ ನವೀಕರಣಕ್ಕೆ ಬಂತು. 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇದ್ದ ಶುಲ್ಕ ಆಗಲೇ 5000 ಆಗಿತ್ತು, ಮೇಲೆ ಗ್ರೀನ್ ಟ್ಯಾಕ್ಸ್. ಅಷ್ಟೆಲ್ಲ ಕಟ್ಟಿ ಐದು ವರ್ಷ ಆಯಸ್ಸು ಪಡೆದ ಗಾಡಿಯನ್ನು ತೋಟದ ಗೇಟಿನ ಒಳಗೇ ಓಡಿಸಿಕೊಂಡಿರುವುದಾ? ಮನಸ್ಸು ಒಪ್ಪಲಿಲ್ಲ.

ಅಷ್ಟೊತ್ತಿಗೆ ಈ ನಡುಕದ ಮೇಲೆ ಎಷ್ಟು ಸುರಿದಿದ್ದೆ ಅಂತ ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಮೊದಲು ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಮೂರು ಬೇರೆ ಬೇರೆ ಕಡೆ, ಎಲ್ಲಾ ಸೇರಿ ಮೂರು ಸಾವಿರ ಇರಬಹುದು. ಆಮೇಲೆ ಟೈರಾಡ್ (ಮುಂದಿನ ಚಕ್ರ ತಿರುಗಿಸುವ ಸರಳು) ಎಂಡ್ ಅಷ್ಟೂ ಹೊಸದು, 2800. ಸ್ಟೀರಿಂಗ್ ಬಾಕ್ಸ್ ಬಿಚ್ಚಿ ಜೋಡಿಸಿದ್ದು ಆರು ಸಾವಿರ. ಬ್ಲೇಡ್‌ಸೆಟ್ ಬುಷ್, ಶ್ಯಾಕಲ್ ಪಿನ್ ಸೇರಿ ಎರಡು ಸಾವಿರದ ಚಿಲ್ಲರೆ. ಅದೂ ಆಗದೆ ನಾಲ್ಕು ಹೊಸ ಟೈರು, 22 ಸಾವಿರ. ಕೊನೆಗೆ ಯಾರೋ ಹೇಳಿದರು ಅಂತ ಸ್ಟೀರಿಂಗ್ ಡ್ಯಾಂಪರ್, ಅಂದರೆ ಸ್ಟೀರಿಂಗ್ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಮೂರೂವರೆ ಸಾವಿರ. ಡ್ಯಾಂಪರ್ ಹಾಕಿದ ದಿನ ಎಂಬತ್ತರಲ್ಲಿ ಓಡಿಸಿಕೊಂಡು ಬಂದು ಎಲ್ಲರಿಗೂ ಫೋನ್ ಮಾಡಿದ್ದೆ. ಎರಡು ತಿಂಗಳಿಗೆ ಅದರೊಳಗಿನ ಎಣ್ಣೆ ಹೊರಗೆ, ನಡುಕ ವಾಪಸ್. ಡ್ಯಾಂಪರ್ ಅಂದರೆ ಹಲ್ಲುನೋವಿಗೆ ಲವಂಗ ಕಚ್ಚಿದ ಹಾಗೆ ಅಷ್ಟೆ.

ನಾನು ಹೋಗುವ ಗ್ಯಾರೇಜಿನವರು ಕೈ ಚೆಲ್ಲಿದರು. "ಸಾರ್, ಇದು ಜಿಪ್ಸಿ ಹುಟ್ಟುಗುಣ. ಸುಟ್ಟರೂ ಹೋಗಲ್ಲ." ಗೆಳೆಯನೊಬ್ಬ, ಅವನದೂ ಜಿಪ್ಸಿಯೇ, "ಎಂತ ಮಾರಾಯ, ಐವತ್ತರಲ್ಲಿ ಹೋದರೆ ಯಾವ ಗಾಡಿಯೂ ನಡುಗಲ್ಲ" ಅಂದ. ನಾನು ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು) ಬೇರಿಂಗ್ ಅಂದಾಗೆಲ್ಲ ಇಬ್ಬರದೂ ಒಂದೇ ಉತ್ತರ: ಚಕ್ರ ಅಲ್ಲಾಡಿಸಿ ನೋಡಿಯಾಗಿದೆ, ಆಟ ಇಲ್ಲ, ಅಂದರೆ ಲಟಲಟ ಅನ್ನುವ ಸಡಿಲ ಇಲ್ಲ.

ಆಟ ಇರಲಿಲ್ಲ, ನಿಜ. ಜಾಕ್ ಹಾಕಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಮಗನಿಂದ ಬ್ರೇಕ್ ಒತ್ತಿಸಿ ನಾನೂ ಹತ್ತು ಸಲ ನೋಡಿದ್ದೆ. ಆದರೆ ಆಟ ಇಲ್ಲ ಅಂದರೆ ಬಿಗಿ ಇದೆ ಅಂತ ಅಲ್ಲ. ಅದೇ ಎಲ್ಲರೂ ಜಾರುವ ಜಾಗ. ಕಿಂಗ್‌ಪಿನ್ನಿನ ಟೇಪರ್ ಬೇರಿಂಗ್ ಮೇಲೆ ಒಂದಿಷ್ಟು ಒತ್ತಡ ಇರಲೇಬೇಕು. ನಕಲ್, ಅಂದರೆ ಆ ಕೀಲಿನ ಮೇಲೆ ಚಕ್ರದ ಜೊತೆ ತಿರುಗುವ ಭಾಗ, ತಿರುಗಲು ಸ್ವಲ್ಪ ಹಠ ಮಾಡಬೇಕು. ಆ ಹಠವೇ ಡ್ಯಾಂಪರ್ ಕೆಲಸ ಮಾಡುವುದು. ನನ್ನದರಲ್ಲಿ ಅದು ಸತ್ತುಹೋಗಿತ್ತು.

ಈ ಹಠ ಅಳೆಯಲು ನಕಲ್ ಆರ್ಮಿನಲ್ಲಿ ಟೈರಾಡ್ ಕೂರುವ ತೂತಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ ಎಳೆಯಬೇಕು. ನಕಲ್ ಅಲುಗಲು ಶುರುವಾಗುವಾಗ ಒಂದು ಕೆಜಿಗೆ ಮೇಲೆ, ಎರಡು ಕೆಜಿಗೆ ಒಳಗೆ ತೋರಿಸಬೇಕು. ಲೆಕ್ಕ ಇಷ್ಟೇ. ತಕ್ಕಡಿಯದೇ ದೊಡ್ಡ ಕಥೆ. ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಮುಳ್ಳು ಅಲ್ಲಾಡಲೂ ಇಲ್ಲ. ಮಗಳು ಲಗೇಜ್ ತೂಗಲು ಇಟ್ಟುಕೊಂಡಿದ್ದ ಡಿಜಿಟಲ್ ಕೈತಕ್ಕಡಿ ತಂದೆ. ಅದು ಅಂಕಿ ಸ್ಥಿರವಾದ ಮೇಲೇ ಹಿಡಿದಿಟ್ಟು ತೋರಿಸುತ್ತದೆ, ನಮಗೆ ಬೇಕಾಗಿರುವುದು ಅಲುಗುವ ಆ ಒಂದು ಕ್ಷಣದ ಅಂಕಿ. ಕಡೆಗೆ ಸಂತೆಯಲ್ಲಿ ಮೀನು ಮಾರುವವರ ಹತ್ತಿರ ಇರುತ್ತಲ್ಲ, ಕೊಳವೆ ಥರದ ಸ್ಪ್ರಿಂಗ್ ತಕ್ಕಡಿ, ಹಾಗಿರುವುದನ್ನೇ 180 ರೂಪಾಯಿಗೆ ಕೊಂಡೆ. ಹತ್ತು ಕೆಜಿಯದು ಬೇಡ, ಐದರದು ತಗೊಳ್ಳಿ. ಒಂದು ಲೀಟರಿನ ಎರಡು ನೀರಿನ ಬಾಟಲಿ ನೇತುಹಾಕಿ ಸರಿ ತೋರಿಸುತ್ತದಾ ನೋಡಿಕೊಂಡೆ. ಒಂದು ಅರ್ಧ ಗೆರೆ ಹೆಚ್ಚು ಕಮ್ಮಿ.

ಮೊದಲ ಸಲ ಮಾಡಿದ್ದು 2023ರ ನವೆಂಬರ್‌ನಲ್ಲಿ, ಕೊಯ್ಲು ಶುರುವಾಗುವ ಮುಂಚೆ. ಕಾಫಿ ಒಣಗಿಸುವ ಕಣದಲ್ಲೇ ಗಾಡಿ ನಿಲ್ಲಿಸಿಕೊಂಡೆ. ಕಾಂಕ್ರೀಟು, ಮಟ್ಟಸ, ಬಿದ್ದ ನಟ್ಟು ಕಾಣುತ್ತದೆ. ಬೇರಿಂಗ್ ಹಳೆಯದೇ ಇರಲಿ, ಕಿಂಗ್‌ಪಿನ್ನಿನ ಅಡಿಗೆ ಕೊಡುವ ತೆಳು ತಗಡು, ಅಂದರೆ ಶಿಮ್, ಮಾತ್ರ ತೆಗೆದು ಬಿಗಿ ಮಾಡೋಣ ಅಂದುಕೊಂಡೆ. ಎಳೆದೆ. ಎರಡು ಕೆಜಿಗೆ ಹತ್ತಿರ. ಅರೆ, ಇದು ಸರಿಯಾಗೇ ಇದೆಯಲ್ಲ ಅಂತ ತಲೆ ಕೆಟ್ಟಿತು. ಆದರೂ ಮೇಲೊಂದು ಕೆಳಗೊಂದು ಶಿಮ್ ತೆಗೆದು ಜೋಡಿಸಿದೆ. ಇನ್ನೂರು ಕಿಲೋಮೀಟರ್ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ರಾಗ. ಗೆಳೆಯ ಫೋನಿನಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ತಪ್ಪು ಎಲ್ಲಿ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ನಾನು ನಕಲ್ ಹಿಂದಿನ ಸೀಲ್ ಬಿಗಿದೇ ಇಟ್ಟು ಎಳೆದಿದ್ದೆ! ಸೀಲಿನ ರಬ್ಬರ್ ಆಕ್ಸೆಲ್ ತುದಿಯ ಉಂಡೆಗೆ ಕಚ್ಚಿಕೊಂಡಿರುತ್ತದೆ, ತಕ್ಕಡಿ ತೋರಿಸಿದ್ದು ಆ ಕಚ್ಚಿದ ಬಲವನ್ನು. ಸೀಲ್ ಪ್ಲೇಟಿನ ಬೋಲ್ಟ್ ಬಿಚ್ಚಿ ಹಿಂದಕ್ಕೆ ಸರಿಸಿ ಎಳೆದರೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಒಂದು ಬೆರಳಲ್ಲಿ ನಕಲ್ ತಿರುಗುತ್ತಿತ್ತು. ಅವತ್ತು ಕಣದಲ್ಲಿ ಒಬ್ಬನೇ ಕೂತು ನಕ್ಕಿದ್ದೇನೆ.

ಎರಡನೇ ಸಲ ಬೇರಿಂಗ್ ನಾಲ್ಕೂ ಹೊಸದು ತಂದೆ. ಇಲ್ಲೂ ಜಿಪುಣತನ ಮಾಡಿ ಕೆಟ್ಟೆ. ಬೇರಿಂಗ್ ಕೂರುವ ಹೊರಬಳೆ, ಅಂದರೆ ಕಪ್, ಬಡಿದು ತೆಗೆಯುವುದು ರಗಳೆ, ಹಳೆ ಕಪ್ಪಿಗೇ ಹೊಸ ಬೇರಿಂಗ್ ಕೂರಿಸಿದೆ. ತಕ್ಕಡಿಯಲ್ಲಿ ನೇರಕ್ಕೆ ಒಂದೂವರೆ, ಸ್ವಲ್ಪ ತಿರುಗಿಸಿದರೆ ಮೂರು, ಇನ್ನೂ ತಿರುಗಿಸಿದರೆ ಮತ್ತೆ ಒಂದು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಟಾರ್ಚ್ ಬಿಟ್ಟು ನೋಡಿದೆ. ಕಪ್ಪಿನ ಒಳಗೆ ಸುತ್ತಲೂ ಸಣ್ಣ ಸಣ್ಣ ಗೆರೆ, ಬಾಚಣಿಗೆ ಒತ್ತಿದ ಹಾಗೆ. ಉಗುರು ಎಳೆದರೆ ಟಿಕ್ ಟಿಕ್ ಅಂತ ಸಿಕ್ಕುತ್ತದೆ. ಈ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ ನೋಡಿ, ಒಂದೇ ಜಾಗದಲ್ಲಿ ಕೂತು ಇಪ್ಪತ್ತೈದು ವರ್ಷ ರಸ್ತೆ ಗುಂಡಿಗಳ ಏಟು ತಿಂದಿದೆ. ರೋಲರುಗಳು ತಮ್ಮ ತಮ್ಮ ಹಳ್ಳ ತೋಡಿಕೊಂಡಿವೆ. ಕಪ್ ಬದಲಿಸದೆ ಬೇರಿಂಗ್ ಹಾಕುವುದು ದುಡ್ಡು ದಂಡ.

ಆ ಕಪ್ ಹೊರಗೆ ತೆಗೆಯುವುದು ಹೇಗೆ ಅಂತ ಕೇಳುತ್ತೀರಿ. ಒಳಗೆ ಉಳಿಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಗ್ಯಾರೇಜಿನವರು ಆಕ್ಸೆಲ್ ಪೂರ್ತಿ ಇಳಿಸಬೇಕು ಅಂದಿದ್ದರು. ನಾನು ಗಾಡಿಯಲ್ಲೇ ಇಟ್ಟು, ನಾಲ್ಕನ್ನೂ ಮುಕ್ಕಾಲು ಗಂಟೆಯಲ್ಲಿ ತೆಗೆದೆ. ಹೇಗೆ ಅನ್ನುವುದನ್ನು ಬರೆಯುವುದಿಲ್ಲ, ಅದು ಕಲಿಯಲು ನನಗೆ ಎರಡು ಉಳಿ ಮತ್ತು ಒಂದು ಹೆಬ್ಬೆರಳಿನ ಉಗುರು ಖರ್ಚಾಗಿದೆ. ಮನೆಗೆ ಬನ್ನಿ, ಕಾಫಿ ಕೊಟ್ಟು ತೋರಿಸುತ್ತೇನೆ.

ಹೊಸ ಕಪ್, ಹೊಸ ಬೇರಿಂಗ್, ಹಳೆ ಶಿಮ್ ಇದ್ದ ಹಾಗೇ ಹಾಕಿದಾಗ ಎಡಕ್ಕೆ ಅರ್ಧ ಕೆಜಿ, ಬಲಕ್ಕೆ ಎರಡೂಮುಕ್ಕಾಲು. ಎಡದ್ದರಲ್ಲಿ ಮೇಲೊಂದು ಕೆಳಗೊಂದು ತೆಗೆದೆ, ಸರಿಯಾಗಿ ಒಂದೂವರೆಗೆ ಬಂತು. ಮೇಲೆ ಕೆಳಗೆ ಸಮ ತೆಗೆಯಬೇಕು, ಇಲ್ಲದಿದ್ದರೆ ಶಾಫ್ಟ್ ನಡು ಬಿಟ್ಟು ಸರಿಯುತ್ತದೆ. ಬಲಕ್ಕೆ ಮಾತ್ರ, ಎಡದಿಂದ ತೆಗೆದ ಶಿಮ್ ಹಾಕಿದರೆ ಪೂರ್ತಿ ಸಡಿಲ, ಹಾಕದಿದ್ದರೆ ಜಾಸ್ತಿ ಬಿಗಿ. ಮಧ್ಯದ ದಪ್ಪ ಬೇಕು, ಅಂಗಡಿಯಲ್ಲಿ ಸಿಗಲಿಲ್ಲ. ತಗಡಿನ ಒಂದು ಡಬ್ಬಿ ಕತ್ತರಿಸಿ ಮಾಡಿಕೊಂಡೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಅಲ್ಲ, ಅದು ಹಿಸುಕಿಕೊಂಡು ಹೋಗುತ್ತದೆ, ಅದನ್ನೂ ಮಾಡಿ ನೋಡಿಯಾಗಿದೆ. ಯಾವ ಡಬ್ಬಿ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜೋಡಿಸಿದ ಮೇಲೆ ಕಣದಲ್ಲೇ ಟೋ, ಅಂದರೆ ಮುಂದಿನ ಎರಡು ಚಕ್ರ ಒಳಮುಖವಾಗಿ ಎಷ್ಟು ಓರೆ ಅನ್ನುವುದನ್ನು, ನೋಡಿಕೊಂಡೆ. ಟೈರಿನ ನಡುವಿಗೆ ಸುಣ್ಣದ ಗೆರೆ, ಹಬ್ಬಿನ ಎತ್ತರದಲ್ಲಿ ಮುಂದೆ ಒಮ್ಮೆ ಅಳತೆ, ಗಾಡಿ ಅರ್ಧ ಸುತ್ತು ತಳ್ಳಿ ಹಿಂದೆ ಒಮ್ಮೆ. ಮುಂದೆ ಸುಮಾರು ನಾಲ್ಕು ಮಿಲಿಮೀಟರ್ ಕಮ್ಮಿ ಬರುವ ಹಾಗೆ ಇಟ್ಟೆ. ಟೇಪಿನ ಆ ತುದಿ ಹಿಡಿಯಲು ಬಂದ ನಮ್ಮನೆಯವಳು "ಇದಕ್ಕಾ ನೀವು ಮೂರು ಸಲ ಪೇಟೆಯಲ್ಲಿ ದುಡ್ಡು ಕೊಟ್ಟಿದ್ದು?" ಅಂದಳು. ನಾನು ಉತ್ತರ ಕೊಡಲಿಲ್ಲ.

ಖರ್ಚು: ಬೇರಿಂಗ್ ಕಪ್ ಸಮೇತ ನಾಲ್ಕು, 1900 ಇರಬಹುದು. ಸೀಲ್ ಕಿಟ್ ಎರಡು ಕಡೆಗೂ ಸೇರಿ ಒಂದು ಸಾವಿರ. ಗ್ರೀಸ್, ಸೀಮೆಎಣ್ಣೆ, ತಕ್ಕಡಿ, ಎಲ್ಲಾ ಹಿಡಿದು ನಾಲ್ಕು ಸಾವಿರ ಮುಟ್ಟಲಿಲ್ಲ. ಎರಡು ಭಾನುವಾರ.

ಹೇಳಲು ಮರೆತೆ, ಮಧ್ಯೆ ಇನ್ನೊಂದು ಎಡವಟ್ಟು. ನಕಲ್ ಬಿಚ್ಚಿದಾಗ ಆಕ್ಸೆಲ್ ಹೌಸಿಂಗಿನ ಒಳಗಿನ ಆಯಿಲ್ ಸೀಲನ್ನು, ಚೆನ್ನಾಗೇ ಇದೆ ಅಂತ ಬಿಟ್ಟಿದ್ದೆ. ನೂರೈವತ್ತು ರೂಪಾಯಿ ಸಾಮಾನು. ಒಂದೂವರೆ ತಿಂಗಳಿಗೆ ಎಡಗಡೆ ಚಕ್ರದ ಕೆಳಗೆ ಕಣದಲ್ಲಿ ಕಪ್ಪು ರಂಗೋಲಿ. ಡಿಫರೆನ್ಷಿಯಲ್ (ಆಕ್ಸೆಲ್ಲಿನ ಗೇರುಗಳ) ಎಣ್ಣೆ ನಕಲ್ಲಿಗೆ ಇಳಿದು ಹೊಸ ಗ್ರೀಸ್ ಅಷ್ಟನ್ನೂ ಗಂಜಿ ಮಾಡಿಟ್ಟಿತ್ತು. ಮತ್ತೆ ಎಲ್ಲಾ ಬಿಚ್ಚು. ಆ ಸೀಲನ್ನು ಕಣ್ಣು ಮುಚ್ಚಿಕೊಂಡು ಬದಲಿಸಿ. ಗ್ರೀಸನ್ನೂ ತುಂಬಿ ತುಳುಕಿಸಬೇಡಿ, ಮುಕ್ಕಾಲು ಸಾಕು.

ಇದೇ ಉತ್ಸಾಹದಲ್ಲಿ ಕೆಳಗಿನ ತುಕ್ಕಿಗೂ ಕೈ ಹಾಕಿದ್ದೆ. ನಮ್ಮ ಮಳೆಗೆ ಡ್ರೈವರ್ ಕಾಲಡಿಯ ತಗಡು ಹಪ್ಪಳ. ಮೊದಲು ಫೈಬರ್ ಬಟ್ಟೆ, ರೆಸಿನ್ ಹಚ್ಚಿ ಮುಚ್ಚಿದೆ. ಮೇಲಿಂದ ನೋಡಲು ಚಂದ, ಅಡಿಯಲ್ಲಿ ನೀರು ನಿಂತು ಇನ್ನೂ ಜೋರಾಗಿ ತಿಂದಿತು. ಕಿತ್ತು ಎಸೆದು ತಗಡು ವೆಲ್ಡ್ ಮಾಡಿಸಿದೆ, ಎರಡೂವರೆ ಸಾವಿರ. ಈಗ ಮೇ ತಿಂಗಳಲ್ಲಿ ಚಾಸಿಗೆ ಒಳಗೂ ಹೊರಗೂ ಹರಳೆಣ್ಣೆಗೆ ಮೇಣ ಕರಗಿಸಿ ಹಚ್ಚಿ ನೋಡುತ್ತಿದ್ದೇನೆ. ಹಳೆ ಎಂಜಿನ್ ಆಯಿಲ್ ಬಳಿಯುವವರು ಇದ್ದಾರೆ, ನಾನೂ ಬಳಿದಿದ್ದೆ. ಮೊದಲ ಮಳೆಗೆ ಅದು ತೊಳೆದು ಹಳ್ಳ ಸೇರಿ, ನೀರಿನ ಮೇಲೆ ಬಣ್ಣ ಬಣ್ಣ ತೇಲಿದ್ದನ್ನು ನೋಡಿ ಬಿಟ್ಟೆ. ಆ ಹಳ್ಳದ ನೀರನ್ನೇ ಕೆಳಗಿನ ಗದ್ದೆಯವರು ಕಟ್ಟಿಕೊಳ್ಳುವುದು. ಹರಳೆಣ್ಣೆಯ ವಾಸನೆಗೆ ಒಂದು ವಾರ ನಾಯಿ ಗಾಡಿ ಹತ್ತಲಿಲ್ಲ. ಒಂದು ಮಳೆಗಾಲ ತಡೆದಿದೆ, ಎರಡನೆಯದು ಕಳೆದ ಮೇಲೆ ಹೇಳುತ್ತೇನೆ.

ನಡುಕದ ವಿಷಯಕ್ಕೆ ಬರುತ್ತೇನೆ. ಆಗಿನಿಂದ ಸುಮಾರು ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ. ಡ್ಯಾಂಪರ್ ಬಿಚ್ಚಿ ಮೂಲೆಗೆ ಎಸೆದಿದ್ದೇನೆ, ಅದಿಲ್ಲದೆಯೇ ಎಂಬತ್ತೈದು. ಚಾರ್ಮಾಡಿ ಇಳಿದು ಉಜಿರೆಗೆ ಹೋಗಿ ಬಂದದ್ದು ನಾಲ್ಕೈದು ಸಲ. ಗ್ಯಾರೇಜಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇಕೆಂದೇ ಎಡಗಡೆ ಚಕ್ರವನ್ನು ತೇಪೆಯ ಮೇಲೆ ಹತ್ತಿಸಿದೆ, ಎಪ್ಪತ್ತರಲ್ಲಿ. ಸ್ಟೀರಿಂಗ್‌ನಿಂದ ಕೈ ಎತ್ತಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೈರ್ ಹೊಸದಲ್ವಾ ಸಾರ್, ಅದಕ್ಕೇ" ಅಂದರು.

ಗೆಳೆಯ ತಕ್ಕಡಿ ಒಯ್ದು ಮೂರು ವಾರ ಆಯಿತು. ಸೀಲ್ ಬಿಚ್ಚಿ ಎಳೆಯಬೇಕು ಅಂತ ಅವನಿಗೆ ಇನ್ನೂ ಹೇಳಿಲ್ಲ, ಫೋನಿನಲ್ಲಿ ನಕ್ಕಿದ್ದನಲ್ಲ.